ಅರ್ಧವೇ ಮುಟ್ಟಿದ ಮಾತು

ನೇಪಾಳದ ಬಾಗ್ಲುಂಗಿನ ಗುಡ್ಡಗಳಲ್ಲಿ ಲಾಲ್‌ಸರಾ ಘರ್ತಿಯ ಮುಖ ಕಂಡವರಿಗಿಂತ ದನಿ ಕೇಳಿದವರೇ ಹೆಚ್ಚು. ರಾತೋಪಹರಾ ಊರಿನ ತಗಡಿನ ಮಾಡಿನ ಕೋಣೆಯಲ್ಲಿ ‘ರೇಡಿಯೊ ಕಾಫಲ’ ಶುರುವಾದಾಗ ಆಕೆಗೆ ಇಪ್ಪತ್ತಾರು. ಓದನ್ನು ಅರ್ಧಕ್ಕೇ ಬಿಟ್ಟು ಮೇಕೆ ಕಾಯುತ್ತಿದ್ದವಳು ಹನ್ನೊಂದು ವರ್ಷಗಳಲ್ಲಿ ನೂರಾರು ಹೆಂಗಸರಿಗೆ ಗಾಳಿಯಲ್ಲೇ ಅಕ್ಷರ ಕಲಿಸಿದಳು. ಮುದುಕರಿಂದ ಮಗರ್ ಬುಡಕಟ್ಟಿನ ಹಾಡು ಹಾಡಿಸಿದಳು. ಭೇದಿಯಾದ ಕೂಸಿಗೆ ಉಪ್ಪು-ಸಕ್ಕರೆ ನೀರು ಯಾವ ಹದದಲ್ಲಿ ಕುಡಿಸಬೇಕೆಂದು ಹೇಳಿಕೊಟ್ಟಳು. “ರೇಡಿಯೊ ಅಕ್ಕ ಹೇಳಿದ್ದಾಳೆ” ಅಂದರೆ ಎಂಥ ಜೋರಿನ ಅತ್ತೆಯೂ ಸುಮ್ಮನಾಗುತ್ತಿದ್ದಳು.

ಶುಕ್ರವಾರ ಸಂಜೆ ಕೇಳುಗರೇ ಫೋನ್ ಮಾಡುವ ಕಾರ್ಯಕ್ರಮ. ಒಂದು ದಿನದ ದಾರಿಯಷ್ಟು ಮೇಲಿರುವ ಮುಲಖರ್ಕದ ಧನ್‌ಕಲಾ ಪುನ್‌ಳ ಕರೆಯೇ ಯಾವಾಗಲೂ ಮೊದಲು. ಹೆಬ್ಬೆಟ್ಟೊತ್ತುತ್ತಿದ್ದ ಈಕೆ ರೇಡಿಯೊ ಕೇಳಿಯೇ ಸಹಿ ಹಾಕಲು ಕಲಿತವಳು. ಕಲಿತ ಒಂದು ಸಾಲನ್ನು ಪ್ರತಿ ವಾರವೂ ತಡವರಿಸುತ್ತ ಓದಿ ಒಪ್ಪಿಸುತ್ತಿದ್ದಳು.

ಆ ಶುಕ್ರವಾರವೂ ಅವಳದೇ ಕರೆ. ಲಾಲ್‌ಸರಾ ನಗುತ್ತಲೇ ಕೇಳಿದಳು: “ಬಾ ತಂಗಿ, ಈ ವಾರ ಏನ್ ಓದ್ತೀಯ?”

“ಓದೋಕಲ್ಲ ಅಕ್ಕ,” ಅಂದಿತು ಆ ಕಡೆಯ ದನಿ. “ಅಣಬೆ ಜೊತೆ ಬೆಳ್ಳಿ ಉಂಗುರ ಕುದ್ಸಿ, ಕಪ್ಪಾಗ್ಲಿಲ್ಲ ಅಂದ್ರೆ ವಿಷ ಇಲ್ಲ ಅಂತ ಹೋದ್ವಾರ ನೀವೇ ಹೇಳಿದ್ರಲ್ಲ. ನನ್ ಮದ್ವೆ ಉಂಗುರಾನೇ ಹಾಕ್ದೆ. ಕಪ್ಪಾಗ್ಲಿಲ್ಲ. ನಂಗೆ ಹಲ್ಲು ನೋವು, ತಿನ್ಲಿಲ್ಲ. ನಮ್ಮನೆಯವ್ರು ತಿಂದ್ರು. ಎರಡ್ನೇ ದಿನ ವಾಂತಿ ನಿಂತು, ಹುಷಾರಾದೆ ಅಂತ ಹೊಲಕ್ಕೂ ಹೋದ್ರು. ಬುಧವಾರ ತೀರ್ಕೊಂಡ್ರು.”

ಗಾಜಿನಾಚೆ ಯಂತ್ರ ನೋಡಿಕೊಳ್ಳುತ್ತಿದ್ದ ದಿಲ್ಮಾನ್ ಕರೆ ಕತ್ತರಿಸಲು ಕೈ ಚಾಚಿದ. ಬೇಡವೆಂದು ಲಾಲ್‌ಸರಾ ಕೈಯೆತ್ತಿದಳು. ಎತ್ತಿದ ಕೈ ಹಾಗೇ ನಿಂತುಬಿಟ್ಟಿತು. ಇಡೀ ಕಣಿವೆಗೆ ಕೇಳುತ್ತಿದ್ದುದು ಒಬ್ಬ ವಿಧವೆಯ ಉಸಿರು ಮಾತ್ರ.

ನಡೆದದ್ದಿಷ್ಟು. ಹಿಂದಿನ ವಾರ ಗಿಡಮೂಲಿಕೆ ಬಲ್ಲ ಅಜ್ಜಿಯೊಬ್ಬಳ ಮಾತನ್ನು ಲಾಲ್‌ಸರಾ ಪ್ರಸಾರ ಮಾಡಿದ್ದಳು. ಜನ ಕಿವಿಗೊಟ್ಟು ಕೇಳಲಿ ಎಂದು ಊರಿನ ನಂಬಿಕೆಗಳನ್ನು ತನ್ನ ದನಿಯಲ್ಲಿ ಮೊದಲಿಟ್ಟು, “ಇವೆಲ್ಲ ಶುದ್ಧ ಸುಳ್ಳು” ಎಂಬ ಅಜ್ಜಿಯ ಮಾತನ್ನು ಕೊನೆಗೆ ಇಟ್ಟಿದ್ದಳು. ನಂಬಿಕೆಗಳ ಭಾಗ ಮುಗಿಯುವಷ್ಟರಲ್ಲಿ ಬ್ಯಾಟರಿ ಸತ್ತು ಪ್ರಸಾರ ನಿಂತಿತು. ಮತ್ತೆ ಶುರುವಾದಾಗ ದಿಲ್ಮಾನ್ ಕೇಳಿದ್ದ: “ಉಳಿದಿದ್ದು ಹಾಕ್ಲಾ ಅಕ್ಕ?” ಮಕ್ಕಳ ಪಾಠದ ಹೊತ್ತಾಗಿತ್ತು. “ಇರ್ಲಿ ಬಿಡೋ, ಮುಂದಿನ್ವಾರ ಹಾಕಿದ್ರಾಯ್ತು” ಅಂದಿದ್ದವಳು ಇವಳೇ.

ಇದನ್ನೆಲ್ಲ ಅವಳು ಮೈಕಿನ ಮುಂದೆಯೇ ಹೇಳಿದಳು. “ತಪ್ಪು ಬ್ಯಾಟರೀದಲ್ಲ, ನಂದು” ಅನ್ನುವಾಗ ಆ ದನಿ ತನ್ನದೇ ಅನ್ನಿಸಲಿಲ್ಲ. ಅಣಬೆ ತಿನ್ನಬೇಡಿ, ತಿಂದವರು ವಾಂತಿ ನಿಂತರೂ ಆಸ್ಪತ್ರೆಗೆ ಓಡಿ ಎಂದು ಮೂರು ಸಲ ಹೇಳಿ ಎದ್ದಳು.

ಮರುದಿನ ಬೆಳಕು ಹರಿಯುವ ಮೊದಲೇ ಮುಲಖರ್ಕದ ದಾರಿ ಹಿಡಿದಳು. ಕಾಲಿಗೆ ಜಿಗಣೆ ಕಚ್ಚಿ ರಕ್ತ ಇಳಿಯುತ್ತಿದ್ದರೂ ಅವಳಿಗೆ ಗೊತ್ತಾಗಲಿಲ್ಲ. ಅಂಗಳದಲ್ಲಿ ಕೂತಿದ್ದ ಸತ್ತವನ ಚಿಕ್ಕಪ್ಪ ಅವಳನ್ನು ಕಂಡೊಡನೆ ಉಗುಳಿದ: “ಬಂದ್ಲು ನೋಡಿ ಡಬ್ಬದೊಳಗಿನ ಸರಸ್ವತಿ! ಇನ್ಯಾರಿಗೆ ಪಾಠ ಹೇಳೋಕ್ ಬಂದ್ಯಮ್ಮಾ?”

ಬಿಳಿ ಸೀರೆಯುಟ್ಟ ಧನ್‌ಕಲಾ ಒಳಗಿನಿಂದ ಬಂದಳು. ಹನ್ನೊಂದು ವರ್ಷ ಮಾತಾಡಿದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು.

“ಉಳಿದಿದ್ ಮಾತು ತಂದಿದೀರಾ?” ಧನ್‌ಕಲಾ ಕೇಳಿದಳು.

ಲಾಲ್‌ಸರಾ ಮೊಬೈಲ್ ತೆಗೆದು ಅಲ್ಲೇ ಕೇಳಿಸಿದಳು. “ಬೆಳ್ಳಿಗೇನ್ ಗೊತ್ರೋ ವಿಷ? ಅಣಬೇನ ಹುಳ ತಿಂದಿದ್ರೂ ನಂಬ್ಬೇಡಿ, ಉಂಗುರ ಬೆಳ್ಳಗಿದ್ರೂ ನಂಬ್ಬೇಡಿ. ಹೀಗ್ ನಂಬ್ದೋರ ಮನೇಲಿ ನಾನು ಹೆಣ ನೋಡಿದೀನಿ” ಎಂದು ಅಜ್ಜಿ ಗದರುತ್ತಿದ್ದಳು. ಮಾತು ಮುಗಿಯಿತು.

“ಇಷ್ಟೇನಾ?” ಅಂದಳು ಧನ್‌ಕಲಾ.

“ಇಷ್ಟೇ. ನಲವತ್ತು ಸೆಕೆಂಡು.”

“ನಲವತ್ತು...” ಅವಳು ಬೆರಳು ಮಡಚಿ ಎಣಿಸತೊಡಗಿದಳು. ಹತ್ತಕ್ಕೆ ಬಂದು ನಿಂತು, ತನ್ನ ಕೈಗಳನ್ನೇ ನೋಡುತ್ತ ಕುಸಿದು ಕೂತಳು. ಲಾಲ್‌ಸರಾ ಹತ್ತಿರ ಹೋಗಲು ಹೆಜ್ಜೆಯಿಟ್ಟಾಗ ಚಿಕ್ಕಪ್ಪ ಅಡ್ಡ ನಿಂತ. “ಸಾಕು. ಹೋಗು ತಾಯಿ,” ಅಂದ. ಈ ಬಾರಿ ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಲಾಲ್‌ಸರಾ ಊರಿಗೆ ಮರಳಿದವಳೇ ಕೆಲಸ ಬಿಟ್ಟಳು. ಯಾರು ಬಂದು ಕರೆದರೂ ಹೋಗಲಿಲ್ಲ. ಮನೆಯಲ್ಲಿ ಯಾರಾದರೂ ರೇಡಿಯೊ ಹಾಕಿದರೆ ಎದ್ದು ಹೊರಗೆ ಹೋಗುತ್ತಿದ್ದಳು. ಮುಂದಿನ ಜ್ಯೇಷ್ಠದಲ್ಲಿ, ಅಣಬೆ ಏಳುವ ಮಳೆಗೆ ಮೊದಲು, ದಿಲ್ಮಾನ್ ಓಡುತ್ತ ಬಂದ.

“ಅಕ್ಕ, ಮುಲಖರ್ಕದಿಂದ ಅವ್ಳು ಬಂದಿದಾಳೆ. ರೇಡಿಯೊದಲ್ಲಿ ಮಾತಾಡ್ಬೇಕಂತೆ. ನೀವಿದ್ರೆ ಮಾತ್ರ ಅಂತಿದಾಳೆ.”

ಲಾಲ್‌ಸರಾ ಅವನ ಹಿಂದೆಯೇ ಹೋಗಿ ರೇಡಿಯೊ ಕೋಣೆಯ ಬಾಗಿಲಲ್ಲಿ ನಿಂತಳು. ಮೈಕಿನ ಮುಂದೆ ಧನ್‌ಕಲಾ ತಾನೇ ಬರೆದು ತಂದಿದ್ದ ಹಾಳೆಯನ್ನು ಓದಿದಳು. ಮೊದಲ ಸಾಲೇ “ಕಾಡಿನ ಅಣಬೆ ತಿನ್ನಬೇಡಿ” ಎಂದಿತ್ತು. ಗಂಡನ ಕಥೆ ಆಮೇಲೆ. ಓದಿ ಮುಗಿಸಿ, ಲಾಲ್‌ಸರಾಳತ್ತ ತಿರುಗದೆ ಹೇಳಿದಳು: “ಹೇಳೋದನ್ನ ಮೊದ್ಲೇ ಹೇಳ್ಬೇಕು. ಕೂತ್ಕೊಳ್ಳಿ, ನಿಮ್ ಕೆಲ್ಸ ನೀವ್ ಮಾಡಿ.”

ಕ್ಷಮಿಸಿದೆ ಎಂದು ಅವಳು ಅನ್ನಲಿಲ್ಲ. ಲಾಲ್‌ಸರಾ ಕೇಳಲೂ ಇಲ್ಲ. ಕೂತು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.