ಉತ್ತರ ಮನಿಗಿ ಮುಟ್ಟಬೇಕು

ಮೇಡಂ ಅವರ ಬಲಗೈ ಹೆಬ್ಬೆರಳ ತುದಿ ಸುಟ್ಟು ಸುಟ್ಟು, ರೊಟ್ಟಿ ಸುಡುವವರ ಬೆರಳಿನ ಹಾಗೆ ಗಟ್ಟಿಯಾಗಿತ್ತು. ತಂತಿಯನ್ನು ದೀಪದ ಉರಿಗೆ ಹಿಡಿದು ಕೆಂಪಗೆ ಕಾಯಿಸಿ, ಆರಿಸಿ, ರೋಗಾಣು ಎತ್ತುವುದು ನಮ್ಮ ಲ್ಯಾಬಿನ ದಿನದ ಕೆಲಸ. ಅವರು ಅದನ್ನು ಅರ್ಧ ಆಯುಷ್ಯ ಮಾಡಿದವರು.

ಅಂದೋಲಾ ಊರಿನಿಂದ ಪಿಎಚ್.ಡಿ. ಮಾಡಲು ಬಂದ ನನಗೆ ಅವರೇ ಗೈಡ್. ರೋಗಾಣು ಬೆಳೆಸಲು ನಾನು ಹಾಕಿದ ಗಾಜಿನ ಪ್ಲೇಟನ್ನು ಒಂದು ದಿನವೂ ಚಲೋ ಅಂದವರಲ್ಲ. ಬೆಳಕಿಗೆ ಹಿಡಿದು, "ಇದೇನ್ ಬೇ, ಹರಕ ಕೌದಿ ಆದಂಗ ಆಗ್ಯಾದ. ಮತ್ತ ಹಾಕು" ಅನ್ನೋರು. ಸುಡ್ಲಿ ಈ ಓದು ಅನಿಸುತ್ತಿತ್ತು. ಪ್ಲೇಟಿನ ತುಂಬ ರೋಗಾಣುವನ್ನು ಒಂದೇ ಸಮ ಹರಡಿ, ಮೇಲೆ ಔಷಧಿಯ ಬಿಲ್ಲೆಗಳನ್ನಿಡಬೇಕು. ನಾಟುವ ಔಷಧಿಯ ಸುತ್ತ ಏನೂ ಬೆಳೆಯದೆ ಖಾಲಿ ಉಂಗುರ ಬೀಳುತ್ತದೆ. ಹರಡುವುದು ಕೆಟ್ಟರೆ ಉತ್ತರವೂ ಕೆಟ್ಟಂತೆ.

ಜ್ವರ ಬಂದವರ ಮನೆಗಳಿಂದ ರಕ್ತ ತರುತ್ತಿದ್ದೆವು. ತಂದ ಮೇಲೆ ಅದೇ ಮನೆಗೆ ಹೊಳ್ಳಿ ಹೋಗಿ, ಕೂತು, ಕೊಟ್ಟ ಚಾ ಕುಡಿದು, ಏನು ಸಿಕ್ಕಿತೆಂದು ಹೇಳಿ ಬರಬೇಕು. ಅದು ಮೇಡಂ ಅವರ ನೇಮ. ನಿಂಬರ್ಗಾದ ಒಂದು ಕೂಸಿನ ಪ್ಲೇಟಿನಲ್ಲಿ ಒಂದೂ ಉಂಗುರ ಬೀಳಲಿಲ್ಲ. ಅಷ್ಟರಲ್ಲಿ ಕೂಸೂ ಹೋಗಿಬಿಟ್ಟಿತ್ತು.

"ಇನ್ನ ಹೋಗಿ ಏನ್ ಹೇಳೋದ್ರಿ ಮೇಡಂ?" ಎಂದೆ.

"ರಕ್ತ ತಂದೀವಿ. ಉತ್ತರ ಮನಿಗಿ ಮುಟ್ಟಬೇಕು. ನಡಿ."

ತೊಗರಿ ಹೊಟ್ಟು ಹರಡಿದ ಅಂಗಳದಲ್ಲಿ ಆ ತಾಯಿ ಕಣ್ಣೀರಿಲ್ಲದೆ ಕೂತಿದ್ದಳು. "ದವಾಖಾನಿಗಿ ತಡಾ ಮಾಡಿ ಒಯ್ದೆ ಅಂತಾರ್ರಿ ಎಲ್ಲಾರು. ಅದಕ್ಕೇ ಹೋಯ್ತೇನ್ರಿ?"

ಮೇಡಂ ಅವಳ ಕೈ ಹಿಡಿದರು. "ಇಲ್ಲವ್ವ. ನಮ್ಮ ಕೈಯಾಗಿದ್ದ ಯಾವ ಔಷಧಿನೂ ಅದಕ್ಕ ನಾಟ್ತಿದ್ದಿಲ್ಲ. ನಿಂದು ತಪ್ಪಿಲ್ಲ."

ಆಗ ಅವಳು ಹೋ ಎಂದು ಅತ್ತಳು. ಅಲ್ಲಿಯವರೆಗೆ ಮುಖ ತಿರುಗಿಸಿ ನಿಂತಿದ್ದ ಅತ್ತೆ ಬಂದು ಪಕ್ಕದಲ್ಲಿ ಕೂತಳು.

ಹೋದ ವರ್ಷ ಮೇಡಂಗೇ ಸೋಂಕು ರಕ್ತಕ್ಕೇರಿತು. ಆಸ್ಪತ್ರೆಯಿಂದ ಅವರ ರಕ್ತ ನಮ್ಮಲ್ಲಿಗೇ ಬಂತು. ಪ್ಲೇಟು ಹಾಕಿದವಳು ನಾನೇ. ಮರುದಿನ ತೆಗೆದು ನೋಡಿದರೆ ಬಿಲ್ಲೆಗಳ ಅಂಚಿನವರೆಗೂ ರೋಗಾಣು ಬೆಳೆದು ನಿಂತಿತ್ತು. ಶಿವನೇ, ನನ್ನ ಕೈಯೇ ತಪ್ಪಿರಲಿ ಎಂದು ಮತ್ತೆ ಹಾಕಿದೆ. ಅದೂ ಹಾಗೇ.

ವಾರ್ಡಿನ ಬಾಗಿಲಲ್ಲಿ ಅವರ ಮಗ ಕೈಮುಗಿದ. "ಅವ್ವಗ ಹೇಳಬ್ಯಾಡ್ರಿ ಅಕ್ಕಾ."

ಒಳಗೆ ಹೋದರೆ ಅವರೇ ಕೇಳಿದರು, "ಉತ್ತರ ತಂದಿಯೇನ್ ಬೇ?"

ಸುಳ್ಳು ಬಾಯಿತನಕ ಬಂತು, ಹೇಳಲಾಗಲಿಲ್ಲ. ಮೊಬೈಲಿನಲ್ಲಿದ್ದ ಪ್ಲೇಟಿನ ಫೋಟೋ ತೋರಿಸಿದೆ. ಆ ಗಟ್ಟಿ ಹೆಬ್ಬೆರಳಿನಿಂದ ಹಿಗ್ಗಿಸಿ, ಒಂದೊಂದೇ ಬಿಲ್ಲೆಯ ಸುತ್ತ ಖಾಲಿ ಜಾಗ ಹುಡುಕಿದರು. ಎಲ್ಲಿಂದ ಬರಬೇಕು? ನಾನು ಅಳುತ್ತಿದ್ದೆ.

"ಅಳಬ್ಯಾಡ. ಒಂದೇ ಸಮ ಹರಡೀದಿ ನೋಡು," ಎಂದರು. "ಪ್ಲೇಟ್ ಚಲೋ ಹಾಕೀದಿ."

ಆ ವಾರವೇ ಹೋದರು. ಯಾಕೆ ಹೋದರೋ ಅಂಥವರು, ನನಗೆ ಇನ್ನೂ ಸಿಟ್ಟಿದೆ. ಮಣ್ಣು ಮಾಡಿ ಬಂದ ಮೇಲೆ ಅವರ ಮನೆಗೆ ಹೋಗಿ ಕೂತೆ. ಮಗ ಚಾ ತಂದಿಟ್ಟು, ತಲೆ ಎತ್ತದೆ ಕೇಳಿದ, "ಅವ್ವಗ ನಾನೇ ತಡಾ ಮಾಡಿ ಒಯ್ದ್ನೇನ್ರಿ ಅಕ್ಕಾ?"

"ಇಲ್ಲಪ್ಪ," ಎಂದೆ. "ಪ್ಲೇಟ್ ನಿಮ್ಮವ್ವನೇ ನೋಡ್ಯಾರ. ನಿಂದು ತಪ್ಪಿಲ್ಲ."