ಬೋಡಿಲ್ ಹುಡುಕಿಕೊಂಡು ಹೋದ ವಕೀಲೆ

ಸ್ವೆಂಡ್‌ಬೋರ್‌ನ ನಮ್ಮ ಬೀದಿಯಲ್ಲಿ ಬೋಡಿಲ್ ಇಪ್ಪತ್ತು ವರ್ಷ ತಮ್ಮ ಎಗೊನ್ ಜತೆ ಬೇಕರಿ ನಡೆಸಿದವಳು. ನನ್ನ ಮಗಳಿಗೆ ಹಲ್ಲು ಬರುವಾಗ ಕಚ್ಚಲು ಕೊಟ್ಟದ್ದು ಅವಳ ರೈ ಬ್ರೆಡ್ಡಿನ ಒಣ ಅಂಚನ್ನೇ. ಹೋದ ತಿಂಗಳು ಬೇಕರಿ ಸುಟ್ಟುಹೋಯಿತು. ವಿಮೆಗಾಗಿ ಬೇಕೆಂದೇ ಬೆಂಕಿಯಿಟ್ಟಿದ್ದಾರೆಂದು ಪೊಲೀಸರು ಅಕ್ಕ ತಮ್ಮ ಇಬ್ಬರ ಮೇಲೂ ಅನುಮಾನಪಟ್ಟರು.

"ಥೆಸ್ಟ್ರುಪ್ ಮೇಡಂ ಹತ್ರ ಹೋಗಿ. ಇಂಥ ಕೇಸುಗಳಲ್ಲೇ ಕೂದಲು ಬೆಳ್ಳಗಾದೋರು," ಎಂದು ಇಬ್ಬರಿಗೂ ನಾನೇ ಹೇಳಿದ್ದೆ. ಎಗೊನ್ ಬೋಡಿಲ್ ಕಡೆ ತಿರುಗಿ ನಕ್ಕಿದ್ದ. "ತಪ್ಪು ಮಾಡದೋರಿಗೆ ವಕೀಲರು ಯಾಕಕ್ಕಾ? ಸುಮ್ನಿರು."

ಇವತ್ತು ಮಗುವನ್ನು ಎತ್ತಿಕೊಂಡು ಬೋಡಿಲ್ ಜತೆ ನಾನೂ ಥೆಸ್ಟ್ರುಪ್ ಮೇಡಂ ಆಫೀಸಿಗೆ ಹೋದೆ. ಅವಳು ತನ್ನ ಹೆಸರು ಹೇಳಿ ಮುಂದಿನ ಮಾತು ತೆಗೆಯುವ ಮೊದಲೇ ವಕೀಲೆ ಕೈಯೆತ್ತಿ ತಡೆದರು.

"ಏನೂ ಹೇಳ್ಬೇಡಿ. ಈ ಕೇಸಲ್ಲಿ ನಾನು ಆಗಲೇ ಬೇರೆಯವರ ಪರ ಒಪ್ಕೊಂಡಾಗಿದೆ. ಅವರ ಮಾತು ನಿಮಗೆ ವಿರುದ್ಧ ಆಗಬಹುದು. ಇಬ್ಬರಿಗೂ ನಾನೇ ನಿಲ್ಲೋ ಹಾಗಿಲ್ಲ. ಇವತ್ತೇ ಇನ್ನೊಬ್ಬ ಒಳ್ಳೆಯವರನ್ನ ಹಿಡೀರಿ."

ಕೇಸಿನಲ್ಲಿ ಇರುವವರೇ ಇಬ್ಬರು. ಬೋಡಿಲ್ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅವನಿಗೆ ಶೂ ದಾರ ಕಟ್ಟೋದು ಕಲಿಸಿದ್ದು ನಾನು ಕಣೇ," ಎಂದಳು. ಅಳಲಿಲ್ಲ. ಮಗುವನ್ನು ಅವಳ ಮಡಿಲಿಗೆ ಕೊಟ್ಟು ನಾನು ಓಡೆನ್ಸೆ ಊರಿನ ಹಳೇ ವಕೀಲರೊಬ್ಬರಿಗೆ ಫೋನು ಮಾಡಿದೆ. ನಾಳೆ ಬೆಳಿಗ್ಗೆ ಬನ್ನಿ ಎಂದರು.

ಬೋಡಿಲ್ ಮನೆಯ ಹತ್ತಿರ ಬಂದರೆ ಎಗೊನ್ ಗೇಟಿನ ಬಳಿಯೇ ನಿಂತಿದ್ದ. "ಎಲ್ಲಿಗೆ ಹೋಗಿದ್ದೆ ಅಕ್ಕಾ?"

"ಬ್ರೆಡ್ ತರೋಕೆ," ಎಂದ ಬೋಡಿಲ್ ಬರಿಗೈಯಲ್ಲೇ ಅವನನ್ನು ದಾಟಿ ಒಳಗೆ ಹೋದಳು.