ಖಂಡೇನವಮಿಯ ಸವತಿ

ಸವತಿ ಬಂದರೆ ಜಗಳವಾಡಬಹುದು, ಜುಟ್ಟು ಹಿಡಿಯಬಹುದು, ತವರಿಗೆ ಹೋಗಿ ಅಪ್ಪನನ್ನು ಕರೆತರಬಹುದು. ನನ್ನ ಸವತಿ ಉಕ್ಕಿನವಳು. ಎರಡು ಮೊಳ ಉದ್ದ, ಮೈತುಂಬ ಎಣ್ಣೆ, ಮೇಲೆ ಕೆಂಪು ಮಖಮಲ್ಲಿನ ಒರೆ. ಇಂಥವಳ ಮೇಲೆ ಯಾವ ಪಂಚರ ಮುಂದೆ ದೂರು ಹೇಳಲಿ?

ನಾನು ಸಲಗರೆಯೆಂಬ ಹಳ್ಳಿಯಿಂದ ಸಾಂಗ್ಲಿಗೆ ಸೊಸೆಯಾಗಿ ಬಂದದ್ದು ಸಂಸ್ಥಾನದ ಕಾಲದಲ್ಲಿ. ಗಂಡನ ಮನೆಯವರು ಅರಿಷಿಣದ ವ್ಯಾಪಾರಿಗಳು. ಯಜಮಾನರು ಅಂಗಡಿಯ ಗಾದಿಯ ಮೇಲೆ ಕುಳಿತರೆ ಗಿರಾಕಿ ಹತ್ತು ಮಾತಾಡಬೇಕು, ಇವರದು ಒಂದು. ಮನೆಯಲ್ಲಿ ಅದೂ ಇಲ್ಲ. "ಊಟಕ್ಕ ಹಾಕು", "ನೀರು ಕಾದಾವೇನು", ಮುಗಿಯಿತು. ಅತ್ತೆಯ ಎದುರು ಹೆಂಡತಿಯೊಡನೆ ಮಾತಾಡುವ ರೂಢಿ ಆಗ ಇರಲಿಲ್ಲವೆನ್ನಿ. ಗಂಡಸರೆಲ್ಲ ಹೀಗೇ ಇರುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಕತ್ತಿ ಮನೆಗೆ ಬರುವವರೆಗೆ ಆ ಸಮಾಧಾನ ನಡೆಯಿತು.

ಆ ವರ್ಷ ಪೇಟೆಯ ತರುಣರೆಲ್ಲ ಸೇರಿ ದಸರೆಗೆ ಒಂದು ನಾಟಕ ಆಡಬೇಕೆಂದು ಹೊರಟರು. ನಾಟಕದ ಹುಚ್ಚು ಸಾಂಗ್ಲಿಯ ನೀರಿನಲ್ಲೇ ಇತ್ತು. ಒಬ್ಬ ನಿಯತ್ತಿನ ಸರದಾರ, ಚಾಡಿಮಾತು ಕೇಳಿ ಅವನ ಮೇಲೆ ಸಿಟ್ಟಾಗುವ ರಾಜ. "ಕತ್ತಿ ಕೆಳಗಿಟ್ಟು ನನ್ನ ರಾಜ್ಯ ಬಿಟ್ಟು ಹೋಗು" ಎಂದು ರಾಜ ಅಪ್ಪಣೆ ಮಾಡುತ್ತಾನೆ, ಸರದಾರ ತನ್ನ ಕತ್ತಿಗೆ ವಿದಾಯ ಹೇಳುತ್ತಾನೆ. ಇಷ್ಟೇ ಕಥೆ. ರಾಜ ಮರಾಠಿಯಲ್ಲಿ ಸಿಟ್ಟಾಗುತ್ತಿದ್ದ, ಸರದಾರ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದ. ಪೇಟೆಯಲ್ಲಿ ದಿನವೂ ವ್ಯವಹಾರ ಹಾಗೇ ನಡೆಯುತ್ತಿದ್ದುದರಿಂದ ಅದು ಯಾರಿಗೂ ವಿಚಿತ್ರವೆನಿಸಲಿಲ್ಲ. ಎತ್ತರಕ್ಕೂ ಮೀಸೆಗೂ ನೋಡಿ ನನ್ನ ಯಜಮಾನರನ್ನು ಸರದಾರನನ್ನಾಗಿ ಮಾಡಿದರು.

ಉಳಿದವರಿಗೆಲ್ಲ ಬೆಳ್ಳಿಬಣ್ಣ ಬಳಿದ ಕಟ್ಟಿಗೆಯ ಕತ್ತಿ ಸಾಕಾಯಿತು. ಇವರಿಗೆ ಸಾಕಾಗಲಿಲ್ಲ. ಟಾಂಗಾ ಹತ್ತಿ ಮಿರಜಿಗೆ ಹೋದರು. ಅಲ್ಲಿ ತಂಬೂರಿ, ಸಿತಾರು ಮಾಡುವ ಒಬ್ಬ ಮುದುಕರಿದ್ದರು. ಅವರ ಅಜ್ಜನ ಕಾಲದಲ್ಲಿ ಆ ಮನೆತನದ ಉದ್ಯೋಗ ಕತ್ತಿಗೆ ಸಾಣೆ ಹಿಡಿಯುವುದು. ಅವರ ಕಾಲು ಹಿಡಿದು ನಿಜವಾದ ಉಕ್ಕಿನ ಕತ್ತಿ ಮಾಡಿಸಿದರು. ಸರಕಾರದವರ ಕಿರಿಕಿರಿ ಬೇಡವೆಂದು ಅಲಗಿಗೆ ಹರಿತ ಮಾತ್ರ ಕೊಡಿಸಲಿಲ್ಲ. ಆಮೇಲೆ ಅರಿಷಿಣದ ಮಾದರಿ ತೋರಿಸಿ ಬರುತ್ತೇನೆಂದು ನೆವ ಹೇಳಿ ಮಿರಜಿಗೆ ಹೋಗುವುದು, ಕತ್ತಿಗೆ ಹೊಳಪು ಕೊಡಿಸಿಕೊಂಡು ಬರುವುದು. ನನ್ನ ಬಳೆ ಒಡೆದು ತಿಂಗಳಾಗಿದ್ದರೂ ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಅದಕ್ಕೊಂದು ಹೆಸರು ಬೇರೆ ಇಟ್ಟರು. ಹೆಂಗಸಿನ ಹೆಸರು! ಅದನ್ನು ನಾನು ಇಲ್ಲಿ ಬರೆಯುವುದಿಲ್ಲ, ಸವತಿಯ ಹೆಸರನ್ನು ಯಾರಾದರೂ ಬಾಯಿಂದ ಆಡುತ್ತಾರೆಯೆ? ನನ್ನನ್ನು ಕರೆಯುವಾಗ "ಏ, ಇಲ್ಲಿ ನೋಡಿಲ್ಲಿ". ಅವಳನ್ನು ಮಾತ್ರ ಹೆಸರು ಹಿಡಿದು, ಅದೂ ರಾಗ ಎಳೆದು.

ದಿನವೂ ಬೆಳಿಗ್ಗೆ ಹಿತ್ತಲಲ್ಲಿ ನಿಂತು ತಾಲೀಮು ಮಾಡುತ್ತಿದ್ದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. "ನಿನ್ನನ್ನು ಬಿಟ್ಟು ಎಲ್ಲಿಗೆ ಹೋಗಲಿ? ನೀನು ಮಗ್ಗುಲಲ್ಲಿದ್ದ ದಿನ ನಾನು ಹಸಿವೆ ಅನ್ನಲಿಲ್ಲ, ಅಂಜಿಕೆ ಅನ್ನಲಿಲ್ಲ. ಲೋಕ ನನ್ನನ್ನು ಶೂರನೆನ್ನುತ್ತದೆ. ನೀನಿಲ್ಲದ ಮೇಲೆ ನಾನು ಯಾರು?" ಅಯ್ಯ ನನ್ನ ಶಿವನೇ! ಈ ಮನುಷ್ಯನ ಗಂಟಲಲ್ಲಿ ಇಷ್ಟು ಮಾತಿತ್ತೆ? ನನ್ನ ಮಗ್ಗುಲಲ್ಲಿ ಮಲಗಿ ಗೊರಕೆ ಹೊಡೆಯುವವರು ಇವರೇ ಏನು? ನಾನು ಆ ದಿನ ಬಡಿದ ರೊಟ್ಟಿ ಹರಿದು ಹೋಯಿತು. ಮತ್ತೆ ಬಡಿದೆ, ಮತ್ತೆ ಹರಿಯಿತು.

ಸಲಗರೆಯಲ್ಲಿ ನಮ್ಮ ಅಜ್ಜಿ ಕಥೆ ಹೇಳುತ್ತಿದ್ದಳು. ಆ ಕಥೆಗಳ ಶೂರರೆಲ್ಲ ಹೀಗೆಯೇ ಎಂಬುದು ನನಗೆ ಆಗ ನೆನಪಾಯಿತು. ಶೂರ ದೂರದೇಶದಲ್ಲಿ ಸಾಯಲು ಬಿದ್ದರೆ ಮನೆಯಲ್ಲಿಟ್ಟ ಅವನ ಕತ್ತಿಗೆ ತುಕ್ಕು ಹತ್ತುತ್ತಿತ್ತು. ಹೆಂಡತಿಗೆ ಏನೂ ತಿಳಿಯುತ್ತಿರಲಿಲ್ಲ, ಪಾಪ, ತಲೆ ಬಾಚಿಕೊಳ್ಳುತ್ತ ಕುಳಿತಿರುತ್ತಿದ್ದಳು. ಇನ್ನೊಬ್ಬ ಶೂರ ಹಾಸಿಗೆಯಲ್ಲಿ ತನಗೂ ಹೆಂಡತಿಗೂ ನಡುವೆ ಕತ್ತಿ ಇಟ್ಟು ಮಲಗುತ್ತಿದ್ದ. ಸಣ್ಣವಳಿದ್ದಾಗ ಎಷ್ಟು ದೊಡ್ಡ ಮನುಷ್ಯನಪ್ಪಾ ಎಂದು ಬಾಯಿ ತೆರೆದು ಕೇಳಿದ್ದೆ. ಆ ಹೆಂಡತಿ ಆ ರಾತ್ರಿ ಏನಂದುಕೊಂಡಳು ಎಂಬುದನ್ನು ಅಜ್ಜಿ ಹೇಳಿರಲಿಲ್ಲ. ನನಗೆ ಈಗ ಗೊತ್ತಾಯಿತು.

ಒಮ್ಮೆ ಗುಡಿಸುವಾಗ ಅದನ್ನು ಎತ್ತಿ ಬದಿಗಿಡಲು ಹೋದೆ. ಎಲ್ಲಿದ್ದರೋ ಏನೋ, ಓಡಿ ಬಂದು ಕೈಯಿಂದ ಕಸಿದುಕೊಂಡರು.

"ಮುಟ್ಟಬ್ಯಾಡ! ಕೈ ಬೆವರು ಹತ್ತಿದರ ತುಕ್ಕು ಹಿಡೀತೈತಿ."

ಈ ಕೈ ನಾದಿದ ಹಿಟ್ಟಿನ ರೊಟ್ಟಿ ನಡೆಯುತ್ತದೆ, ಈ ಕೈ ಬೆವರು ನಡೆಯುವುದಿಲ್ಲ! ಆ ದಿನದಿಂದ ನನ್ನ ಮನಸ್ಸಿನಲ್ಲಿ ಒಂದೇ ಹಟ. ನೂರು ಮಾತು ಬೇಡ, ಅದಕ್ಕೆ ಹೇಳುವ ಮಾತುಗಳಲ್ಲಿ ಒಂದನ್ನಾದರೂ ಈ ಮನುಷ್ಯ ನನ್ನ ಮುಖ ನೋಡಿ ಹೇಳಬೇಕು.

ನಾಟಕವನ್ನು ಖಂಡೇನವಮಿಯ ದಿನ ಇಟ್ಟುಕೊಂಡಿದ್ದರು. ಕಾರಣವಿತ್ತು. ಆ ದಿನ ಸೈನಿಕರು ಆಯುಧ ಪೂಜಿಸಿದಂತೆ ವ್ಯಾಪಾರಿಗಳು ತಕ್ಕಡಿ ಪೂಜಿಸುತ್ತಾರೆ. ಪೂಜೆಗೆ ಇಟ್ಟದ್ದನ್ನು ಮರುದಿನ ದಸರೆಯವರೆಗೆ ಯಾರೂ ಎತ್ತುವಂತಿಲ್ಲ. ತಕ್ಕಡಿ ಎತ್ತದೆ ತೂಕವಿಲ್ಲ, ತೂಕವಿಲ್ಲದೆ ವ್ಯಾಪಾರವಿಲ್ಲ. ಹೀಗಾಗಿ ಇಡೀ ಪೇಟೆಗೆ ಬಿಡುವು. ಹೆಂಗಸರೂ ಬರಲೆಂದು ಹೊತ್ತು ಮುಳುಗುವ ಮೊದಲೇ ಆಡುವುದೆಂದು ಗೊತ್ತಾಗಿತ್ತು.

ಬೆಳಿಗ್ಗೆ ಅತ್ತೆ ದೇವರ ಮನೆಯಲ್ಲಿ ತಕ್ಕಡಿ, ತೂಕದ ಕಲ್ಲು, ಕುಡುಗೋಲು, ಈಳಿಗೆ ಎಲ್ಲ ಸಾಲಾಗಿ ಇಟ್ಟರು. ಯಜಮಾನರು ಮಿಂದು ಮಡಿಯುಟ್ಟು ಬಂದು, ಕತ್ತಿಯನ್ನು ಒರೆಯಿಂದ ತೆಗೆದು, ಎಲ್ಲದರ ನಡುವೆ ತಮ್ಮ ಕೈಯಾರೆ ಇಟ್ಟರು. "ನಮ್ಮ ಮನಿಗೆ ಖರೇ ಆಯುಧ ಬಂದದ್ದು ಇದೇ ವರ್ಷ ನೋಡವ್ವಾ" ಎಂದು ಹಿಗ್ಗಿದರು. ವಿಭೂತಿ, ಕುಂಕುಮ, ಚೆಂಡು ಹೂವು. ನನಗೂ ಅಷ್ಟು ದೊಡ್ಡ ಕುಂಕುಮ ಯಾರೂ ಹಚ್ಚಿರಲಿಲ್ಲ.

ಮಧ್ಯಾಹ್ನ ಉಂಡು ಎದ್ದು ಕತ್ತಿ ತರಲು ದೇವರ ಮನೆಗೆ ಹೋದರು. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಏನು ತೊಗೊಳ್ಳಾಕ ಬಂದಿ?"

"ತಲವಾರವ್ವಾ. ನಾಟಕ ಐತಲ್ಲ."

"ಪೂಜಿಗೆ ಇಟ್ಟದ್ದು ಎತ್ತತಾರೇನೋ? ಇಡೀ ಪೇಟೇನ ಬಾಗಲಾ ಹಾಕ್ಯಾರ, ನೀ ಹೊಂಟೀಯಲ್ಲ!"

"ಅದು ನಾಟಕದ್ದವ್ವಾ, ಖರೇ ಆಯುಧ ಅಲ್ಲ."

"ಮುಂಜಾನೆ ಖರೇ ಆಯುಧ ಅಂದಾಂವ ನೀನ ಅಲ್ಲೇನು?"

ಹುಟ್ಟಿದಾಗಿನಿಂದ ತಕ್ಕಡಿಯನ್ನಷ್ಟೇ ಪೂಜಿಸಿದ ಜನ. ನಾಟಕದ ದಿನ ಗೊತ್ತುಮಾಡುವಾಗ ಕತ್ತಿಗೂ ಅದೇ ನಿಯಮ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಯಜಮಾನರು ನನ್ನ ಕಡೆ ತಿರುಗಿದರು. "ನೀನರ ಹೇಳು" ಎಂಬಂತೆ ನೋಡಿದರು. ನಾನು ಹೇಳಿದೆ: "ಅತ್ತಿಯವರು ಹೇಳೂದು ಬರೋಬರಿ ಐತಿ." ಮದುವೆಯಾದ ಮೇಲೆ ಅತ್ತೆಗೂ ನನಗೂ ಒಮ್ಮತವಾದದ್ದು ಅದೇ ಮೊದಲು. ಒಳಗೊಳಗೇ ಕುಣಿದುಬಿಟ್ಟೆ, ಸುಳ್ಳೇಕೆ ಹೇಳಲಿ. ಇವರು ಬರಿಯ ಒರೆ ಕಟ್ಟಿಕೊಂಡು ಹೊರಟರು.

ಅರಿಷಿಣದ ಚೀಲ ಒಟ್ಟುವ ವಖಾರಿಯೊಂದು ಖಾಲಿಯಿತ್ತು, ಅಲ್ಲಿ ನಾಟಕ. ಹೆಂಗಸರಿಗೆಂದು ಬಲಗಡೆ ಹಗ್ಗ ಕಟ್ಟಿದ್ದರು. ನಾನು ಕಂಬದ ಪಕ್ಕ ಕುಳಿತೆ, ನನ್ನ ಪಕ್ಕದಲ್ಲಿ ಬೆಲ್ಲದ ವ್ಯಾಪಾರಿಗಳ ಸೊಸೆ. ಯಜಮಾನರ ಒರೆಯಲ್ಲಿ ಯಾರದೋ ಕಟ್ಟಿಗೆಯ ಕತ್ತಿ ತುರುಕಿದ್ದರು. ಆ ಘಟ್ಟ ಬಂತು. ಕತ್ತಿ ಕೆಳಗಿಡು ಎಂದು ರಾಜ ಮರಾಠಿಯಲ್ಲಿ ಗುಡುಗಿದ, "ತಲವಾರ ಖಾಲೀ ಠೇವ!" ಇವರು ಕಟ್ಟಿಗೆಯನ್ನು ಎಳೆದರು, ನೋಡಿದರು, ನೆಲಕ್ಕಿಟ್ಟರು. ಬರಿಗೈಯಲ್ಲಿ ನಿಂತುಬಿಟ್ಟರು. ಮಾತೇ ಇಲ್ಲ. ಪರದೆಯ ಹಿಂದಿನಿಂದ ಮಾತು ಹೇಳಿಕೊಡುವವನು ಹೇಳಿದ, ಮತ್ತೆ ಕೂಗಿ ಹೇಳಿದ. ಹಿಂದಿನಿಂದ ಯಾರೋ ಸಿಳ್ಳು ಹಾಕಿದರು. ನನ್ನ ಹಿಗ್ಗೆಲ್ಲ ಎಲ್ಲಿ ಹೋಯಿತೋ. ಆ ಮಾತುಗಳೆಲ್ಲ ನನಗೆ ಬಾಯಿಪಾಠ. "ನಿನ್ನನ್ನು ಬಿಟ್ಟು ಎಲ್ಲಿಗೆ ಹೋಗಲಿ, ಅನ್ರೀ" ಎಂದು ತುಟಿಯಲ್ಲೇ ಗುನುಗಿದೆ.

ಆಗ ಅವರು ತಲೆ ಎತ್ತಿದರು. ಹೆಂಗಸರ ಕಡೆ, ನೇರ ನಮ್ಮ ಕಂಬದ ಕಡೆ ನೋಡಿದರು. "ನಿನ್ನನ್ನು ಬಿಟ್ಟು ಎಲ್ಲಿಗೆ ಹೋಗಲಿ?" ಎಂದರು. ಹಿತ್ತಲಲ್ಲಿ ಎಂದೂ ಬಾರದ ದನಿ ಅದು. ಒಂದೊಂದು ಮಾತೂ ಒದ್ದೆಯಾಗಿ ಬಂತು. "ನೀನಿಲ್ಲದ ಮೇಲೆ ನಾನು ಯಾರು?" ಎನ್ನುವಾಗ ಸಿಳ್ಳು ಹಾಕಿದವರೂ ಕುತ್ತಿಗೆ ಚಾಚಿ ಕೇಳುತ್ತಿದ್ದರು. ಹೆಂಗಸರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಬೆಲ್ಲದವರ ಸೊಸೆ ನನ್ನ ತೊಡೆ ಹಿಂಡಿದಳು.

ಮನೆಗೆ ಬಂದ ಮೇಲೆ ಅವರು ಪಗಡಿ ಬಿಚ್ಚುತ್ತಿದ್ದರು. ಅತ್ತೆ ಹಿತ್ತಲಲ್ಲಿದ್ದರು. ಇದ್ದ ಧೈರ್ಯವನ್ನೆಲ್ಲ ಕೂಡಿಸಿಕೊಂಡು ಕೇಳಿದೆ.

"ಅಷ್ಟು ಮಂದ್ಯಾಗ ಹಂಗ ನೋಡಿ ಅಂದ್ರೆಲ್ಲರಿ. ನನಗ ನಾಚಿಕಿ ಬಂತು."

"ಯಾವಾಗ?"

"ಹೆಂಗಸೂರ ಕಡೆ ನೋಡಿ ಅಂದ್ರೆಲ್ಲ..."

ಅವರು ನೆನಪು ಮಾಡಿಕೊಂಡರು. ಮುಖ ಅರಳಿತು. "ಹೂಂ, ಆ ಕಡೇನ ನಮ್ಮ ಮನಿ ಅಲ್ಲೇನು? ದೇವರ ಮನ್ಯಾಗ ಒಬ್ಬಾಕೀನ ಇದ್ದಾಳಲ್ಲಾ ಅಂತ ನೆನಪಾತು ನೋಡು, ಮಾತು ತಾವ ಬಂದ್ವು." ಆಮೇಲೆ, ಪಗಡಿ ಗೂಟಕ್ಕೆ ಹಾಕುತ್ತ, ಪಾಪ, ಮನಸ್ಸಿನಲ್ಲಿ ಏನೂ ಇಲ್ಲದೆ ಕೇಳಿದರು: "ನೀನೂ ಬಂದಿದ್ದೇನು? ಎಲ್ಲಿ ಕುಂತಿದ್ದಿ?"

ನಾನು ಒಲೆಯ ಕಡೆ ಹೋದೆ. ಊಟಕ್ಕೆ ಬಡಿಸಿದೆ. ಉಂಡರು, ಮಜ್ಜಿಗೆ ಕೇಳಿದರು, ಹಾಕಿದೆ.

ಮರುದಿನ ದಸರೆ. ಬನ್ನಿ ಎಲೆ ಹಿಡಿದುಕೊಂಡು ಓಣಿಯ ಹೆಂಗಸರೆಲ್ಲ ನಮ್ಮ ಮನೆಗೇ ಮೊದಲು ಬಂದರು. "ನಾವು ನೀವು ಬಂಗಾರದಂಗ ಇರೂಣು" ಎಂದು ಕೈಗೆ ಎಲೆ ಕೊಡುತ್ತ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲರೂ ಹೋದ ಮೇಲೂ ಬೆಲ್ಲದವರ ಸೊಸೆ ಹೋಗಲಿಲ್ಲ. ಹೊಸ್ತಿಲಲ್ಲಿ ನಿಂತಳು.

"ಎಂಥಾ ಪುಣ್ಯಾ ಮಾಡಿ ಬಂದೀಯವ್ವಾ. ನಮ್ಮವರು ಜನ್ಮದಾಗ ಒಮ್ಮಿ ಹಂಗ ನೋಡಿದ್ರ ನಾ ಸತ್ತರೂ ಚಿಂತಿಲ್ಲ. ಮನ್ಯಾಗೂ ಹಂಗ ಮಾತಾಡತಾರೇನು?"

ಅವಳ ಕಣ್ಣು ಉರಿಯುತ್ತಿತ್ತು. ಆ ಉರಿ ಎಂಥದೆಂದು ನನಗಿಂತ ಚೆನ್ನಾಗಿ ಬಲ್ಲವರು ಆ ಓಣಿಯಲ್ಲಿ ಯಾರೂ ಇರಲಿಲ್ಲ. ಅವರು ನೋಡಿದ್ದು ನನ್ನನ್ನಲ್ಲ ಎಂದು ಒಂದು ಮಾತು ಹೇಳಿದ್ದರೆ ಆರಿಹೋಗುತ್ತಿತ್ತು. ಒಳಗೆ ದೇವರ ಮನೆಯಲ್ಲಿ ಯಜಮಾನರು ಮೆತ್ತನೆಯ ಅರಿವೆಯಿಂದ ನನ್ನ ಸವತಿಯ ಮೈಮೇಲಿನ ಕುಂಕುಮ ಒರೆಸುತ್ತಿದ್ದರು, ಹೆಸರು ಹಿಡಿದು ಏನೋ ಹೇಳುತ್ತಲೂ ಇದ್ದರು. ಆ ದನಿ ಹೊರಗೆ ಕೇಳದಿರಲೆಂದು ನಾನು ಬೆನ್ನ ಹಿಂದಿನ ಬಾಗಿಲನ್ನು ಎಳೆದು ಮುಚ್ಚಿದೆ.

"ಹೂಂ ಮತ್ತ," ಎಂದೆ. "ದಿನಾಲೂ."